ಹದ್ದಿಗೆ ಮೂರು ಮೀನು

ಜೊಂಡಿನ ದಂಟಿಗೆ ಚೂರಿ ಹಾಯಿಸಿದರೆ ಕೀಚ್ ಎನ್ನುತ್ತದೆ, ಒಳಗಿನ ಬೆಂಡು ಬೆಳ್ಳಗೆ, ಒದ್ದೆಯಾಗಿ, ಬೆರಳುದ್ದದ ಒಂದು ತುಂಡು, ಇನ್ನೊಂದು, ಇನ್ನೊಂದು — ಮೂರು ಸಾಕು, ಮೀನು ಮೂರೇ, ದೋಣಿಯವರ ಸಂಘದ ಕಟ್ಟಳೆ ಹಾಗಿದೆ, ದೋಣಿ ನಡೆಸುತ್ತೇನೆ ಎಂದು ಬಂದ ಹೊಸಬರು ಮೂರು ಮೀನಿನೊಳಗೆ ಹದ್ದನ್ನು ಕರೆಸಿ ತೋರಿಸಬೇಕು, ತೋರಿಸಿದರೆ ದೋಣಿಯ ನಂಬರು, ಇಲ್ಲವಾದರೆ ಮನೆಗೆ ಹೋಗಿ ಉಗಾಲಿ ಮುದ್ದೆ ತೊಳಸುತ್ತ ಕೂರು. ಬೆಂಡನ್ನು ಸೊಂಟದ ಬಟ್ಟೆಯ ಗಂಟಿಗೆ ಸಿಕ್ಕಿಸಿಕೊಳ್ಳುತ್ತೇನೆ, ಈಗಲೇ ಮೀನಿನ ಬಾಯಿಗೆ ತುರುಕಿದರೆ ನೀರು ಕುಡಿದು ಭಾರವಾಗುತ್ತದೆ, ಎಸೆಯುವ ಹೊತ್ತಿಗೇ ತುರುಕಬೇಕು, ಆಗ ಮೀನು ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತದೆ — ಇದನ್ನೆಲ್ಲ ಹನ್ನೆರಡು ವರ್ಷ ಓಗೊಲ್ಲಾನಿಗೆ ಮಾಡಿಕೊಟ್ಟವಳು ನಾನೇ, ಗಂಡ ಏಳುವ ಮೊದಲೇ ಎದ್ದು ಮೀನು ಆರಿಸಿ, ಬೆಂಡು ಕತ್ತರಿಸಿ, ಬುಟ್ಟಿಗೆ ಒದ್ದೆ ಗೋಣಿ ಹೊದಿಸಿ ಇಲ್ಲಿಯವರೆಗೆ ಹೊತ್ತು ತಂದು ಅವನ ಕೈಗಿಟ್ಟು, ದಡದಲ್ಲೇ ನಿಂತು ನೋಡಿದವಳು. ಇವತ್ತು ದಡದಲ್ಲಿ ನಿಲ್ಲುವುದಿಲ್ಲ. ನಿಲ್ಲುವುದಿಲ್ಲ ಎಂದರೆ ನಿಲ್ಲುವುದಿಲ್ಲ. ದೋಣಿಯ ಮೂತಿಯ ಮೇಲೆ ಹತ್ತೊಂಬತ್ತು ಎಂದು ಬರೆದ ಕಡೆ ಒಂದು ಹಲಗೆ ಹೊಸದು, ನೀರಾನೆ ಗುದ್ದಿದ ಜಾಗ, ಮೇಲೆ ಹಳೆಯ ಬಣ್ಣವನ್ನೇ ಬಳಿದಿದ್ದಾರೆ, ಆದರೂ ಕಣ್ಣು ಅಲ್ಲಿಗೇ ಹೋಗುತ್ತದೆ — ನೋಡಬೇಡ ಅಡೋಯೊ, ಆ ಕಡೆ ನೋಡಬೇಡ, ಲೈಫ್ ಜಾಕೆಟ್ ಎಣಿಸು, ಐದು, ಸರಿ ಇದೆ. ಮೂತಿಯ ಪಕ್ಕದ ಪೀಠದಲ್ಲಿ ಒಸೆವೆ ಮಾವ ಆಗಲೇ ಕೂತಾಗಿದೆ, ಅತ್ತೆಯ ಅಣ್ಣ, ಸಂಘದ ಅಧ್ಯಕ್ಷ, ನನ್ನನ್ನು ಪಾಸು ಮಾಡುವುದೂ ಫೇಲು ಮಾಡುವುದೂ ಅವರೇ, ನೈವಾಶಾ ಕೆರೆಯಲ್ಲಿ ಅವರಂಥ ಸಿಳ್ಳೆ ಇನ್ನೊಬ್ಬರದಿಲ್ಲ ಎಂದು ಅವರೇ ಹೇಳುತ್ತಾರೆ. ಮೈದುನ ಒಲಾಂಗ್ ಮಗುಚಿ ಹಾಕಿದ ದೋಣಿಯ ಮೇಲೆ ಕೂತು ಕಬ್ಬು ಸಿಗಿಯುತ್ತಿದ್ದಾನೆ. ಅತ್ತಿಗೆ, ಹೋಗೋಕ್ ಮುಂಚೆ ಇಲ್ಲೇ ಒಂದ್ ಸಲ ಸಿಳ್ಳೆ ಹಾಕಿ ತೋರ್ಸು, ನಾವೂ ಕಿವಿ ತಂಪು ಮಾಡ್ಕೋತೀವಿ. ಬಾಯಲ್ಲಿರೋ ಕಬ್ಬು ಉಗುಳಪ್ಪ ಮೊದ್ಲು, ಜೊಲ್ಲು ಸುರೀತಾ ಇದೆ. ಸುರಿಯುವುದು ಕಬ್ಬಿಗಲ್ಲ, ದೋಣಿಗೆ, ಅದು ನನಗೂ ಗೊತ್ತು ಅವನಿಗೂ ಗೊತ್ತು, ನಾನು ಇವತ್ತು ಸೋತರೆ ಹತ್ತೊಂಬತ್ತು ಅವನದು, ದೋಣಿ ಯಾರಿಗೋ ಮನೇನೂ ಅವನಿಗೇ, ಮನೇಲಿರೋಳೂ ಅವನಿಗೇ ಎಂದು ಅತ್ತೆ ಮೊನ್ನೆ ಬೀನ್ಸ್ ಆರಿಸುತ್ತ ಹೇಳಿದರು, ಬೀನ್ಸಿನ ಕಡೆಯೇ ನೋಡುತ್ತ, ನನ್ನ ಕಡೆ ನೋಡದೆ.

ಹಗ್ಗ ಎಳೆಯುತ್ತೇನೆ, ಮೋಟಾರು ಎರಡನೇ ಎಳೆತಕ್ಕೆ ಹತ್ತಿಕೊಳ್ಳುತ್ತದೆ, ದಡ ಹಿಂದಕ್ಕೆ ಸರಿಯುತ್ತದೆ, ಸಣ್ಣ ಚಳಿ, ಅಂತರಗಂಗೆಯ ಹಸಿರು ಚಾಪೆಗಳು ಅಲ್ಲಲ್ಲಿ, ಅವುಗಳ ನಡುವೆ ಸಂದು ನೋಡಿ ತೂರಿಸಬೇಕು, ಇಲ್ಲದಿದ್ದರೆ ಮೋಟಾರಿನ ರೆಕ್ಕೆಗೆ ಬಳ್ಳಿ ಸುತ್ತುತ್ತದೆ. ದೋಣಿಯಲ್ಲಿ ಮೂವರು, ನಕುರುವಿನಿಂದ ಬಂದವರು, ಹೋದ ಶನಿವಾರ ಮದುವೆಯಾದ ಗಂಡು ಹೆಣ್ಣು, ಮತ್ತೆ ಹೆಣ್ಣಿನ ಅಜ್ಜಿ — ಹೊಸ ಜೋಡಿಯ ನಡುವೆ ಅಜ್ಜಿ ಯಾಕೆ ಬಂದರೋ, ಅದನ್ನು ಅಜ್ಜಿಯೇ ಹತ್ತುವಾಗ ಹೇಳಿದರು, ಎಂಬತ್ತು ವರ್ಷ ಈ ಕೆರೆ ಪಕ್ಕದ ರಸ್ತೇಲಿ ಓಡಾಡಿದೀನಿ ತಾಯಿ, ಒಂದ್ ದಿನಾನೂ ನೀರಿಗೆ ಇಳಿದಿಲ್ಲ, ಸಾಯೋದ್ರೊಳಗೆ ಒಂದ್ ಸಲ ನೋಡೇಬಿಡ್ತೀನಿ. ಹೆಸರು ನ್ಯಾಗುಥಿ. ಆ ಬುಟ್ಟಿ ಆಚೆ ಇಡು, ನಾವು ಕಿಕುಯು ಜನ, ಮೀನಿನ ವಾಸ್ನೆ ಆಗಲ್ಲ ನಮಗೆ. ನೀವು ತಿನ್ನೋದ್ ಬೇಡ ಅಜ್ಜಿ, ಹದ್ದು ತಿನ್ನುತ್ತೆ, ಅದನ್ನ ನೋಡೋಕೇ ನೀವು ಬಂದಿರೋದು. ಮದುಮಗ ನಗುತ್ತಾನೆ, ಫೋನು ಒರೆಸಿಕೊಳ್ಳುತ್ತಾನೆ, ಹದ್ದು ನಿಜವಾಗ್ಲೂ ಕರೆದ್ರೆ ಬರುತ್ತಾ ಅಕ್ಕಾ? ಬರುತ್ತೆ. ನಾನು ಹೇಳಿಬಿಟ್ಟೆ, ಬರುತ್ತೆ, ನನ್ನ ಬಾಯಿಯೇ ಹೇಳಿತು, ಅದೇ ಬಾಯಿಂದ ಈಗ ಸಿಳ್ಳೆ ಹೊರಡಬೇಕು, ಎಲ್ಲ ಇರುವುದು ಅಲ್ಲೇ. ಹೆಂಗಸು ಸಿಳ್ಳೆ ಹಾಕಬಾರದು. ಸಿಳ್ಳೆ ಇಲ್ಲದೆ ಹದ್ದು ಬರುವುದಿಲ್ಲ. ಹದ್ದು ಬಾರದ ದೋಣಿಗೆ ಜನ ಹತ್ತುವುದಿಲ್ಲ. ಹಾಗಾಗಿ ಹೆಂಗಸು ದೋಣಿ ನಡೆಸಬಾರದು. ಎಷ್ಟು ಚೆನ್ನಾಗಿ ಹೆಣೆದಿದ್ದಾರೆ, ಎಲ್ಲೂ ಒಂದು ಕಣ್ಣು ಬಿಟ್ಟಿಲ್ಲ. ನಮ್ಮವರು ಬಿಟ್ಟು ಬಂದ ಲೊಲ್ವೆ ಎಂಬ ದೊಡ್ಡ ಕೆರೆಯಲ್ಲಿ ಹೆಂಗಸರು ದೋಣಿ ಮುಟ್ಟುವಂತೆಯೇ ಇರಲಿಲ್ಲ, ಇಲ್ಲಿಗೆ ಬರುವಾಗ ಗಂಡಸರು ಬಲೆಯ ಜೊತೆಗೆ ಅದನ್ನೂ ಮಡಚಿ ತಂದರು. ಸಂಘದ ಸಭೆಯಲ್ಲಿ ನಾನು ಎದ್ದು ನಿಂತು, ನನ್ನ ಗಂಡನ ನಂಬರು ನನಗೆ ಬೇಕು ಎಂದಾಗ ಒಸೆವೆ ಮಾವ ನಕ್ಕರು, ಕೋಪ ಮಾಡಿಕೊಂಡಿದ್ದರೆ ಪರವಾಗಿರಲಿಲ್ಲ, ನಕ್ಕರು. ಹೆಂಗಸು ಬೇಡ ಅಂತ ನಮ್ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲಮ್ಮ, ಸಿಳ್ಳೆ ಹಾಕಿ ಹದ್ದು ಕರೀಬೇಕು ಅಂತ ಬರೆದಿದೆ, ಕರೀತೀಯಾ? ಎಲ್ಲರೂ ನನ್ನ ಕಡೆ ನೋಡಿದರು, ಆ ಕೋಣೆಯಲ್ಲಿದ್ದ ಒಬ್ಬೊಬ್ಬನಿಗೂ ಗೊತ್ತಿತ್ತು ನನ್ನ ಮೇಲಿದ್ದ ಮಾತು. ಕರೀತೀನಿ ಅಂದೆ.

ಆ ಮಾತು — ಆ ಮಾತು ಓಗೊಲ್ಲಾನ ಗೋರಿಯ ಮಣ್ಣು ಹಸಿ ಇರುವಾಗಲೇ, ಬಂದವರೆಲ್ಲರ ಎದುರಿಗೇ ಅತ್ತೆ ಆಡಿದ್ದು, ನನ್ನ ಮಗನ್ನ ನೀರಾನೆ ಕೊಲ್ಲಲಿಲ್ಲ, ಇವಳು ಸಿಳ್ಳೆ ಹಾಕಿ ಕರೆದಳು, ಅದು ಬಂತು. ನಾನು ಇಲ್ಲ ಅನ್ನಲಿಲ್ಲ. ಹೇಗೆ ಅನ್ನಲಿ, ಸಿಳ್ಳೆ ಹಾಕಿದ್ದು ನಿಜ. ಮಧ್ಯಾಹ್ನ, ಹಿತ್ತಲು, ಮಕ್ಕಳಿಬ್ಬರೂ ಶಾಲೆಯಲ್ಲಿ, ಓಗೊಲ್ಲಾ ಕೆಲಸವಿಲ್ಲದೆ ಕೂತು ಬಲೆ ಹೊಲಿಯುತ್ತಿದ್ದ, ನಾನೇ ಕೇಳಿದೆ, ಅದು ಹೇಗೆ ಹಾಕ್ತೀಯೋ ನನಗೂ ಹೇಳ್ಕೊಡೋ. ನಿನಗ್ಯಾಕೇ? ಸುಮ್ನೆ. ಸುಮ್ಮನೆಯೇ, ಖುಷಿಗೆ, ಬೇರೆ ಏನಕ್ಕೂ ಅಲ್ಲ. ಅವನು ತನ್ನ ಎರಡು ಬೆರಳು ನನ್ನ ಬಾಯಿಗಿಟ್ಟು ನಾಲಿಗೆ ಎಲ್ಲಿ ಮಡಚಬೇಕು ಎಂದು ತೋರಿಸಿದ, ಬೆರಳಿಗೆ ಬಲೆಯ ದಾರದ ರುಚಿ, ಉಪ್ಪು, ನಗು ಬಂದು ನಾನು ಕಚ್ಚಿಬಿಟ್ಟೆ, ಅಯ್ಯೋ ಮಾರಾಯ್ತಿ ಮೀನಲ್ಲ ಕಣೇ ಅದು, ಮತ್ತೆ ಹೇಳಿಕೊಟ್ಟ, ಬರೀ ಗಾಳಿ, ಮತ್ತೆ, ಬರೀ ಗಾಳಿ, ಮತ್ತೆ — ಹೊರಟಿತು. ಜೊಂಡಿನ ಒಳಗಿದ್ದ ಕೊಕ್ಕರೆಗಳು ಹಾರಿದವು. ಅತ್ತೆ ಅಡುಗೆಮನೆಯಿಂದ ಜರಡಿ ಹಿಡಿದುಕೊಂಡೇ ಬಂದರು, ಹಿಟ್ಟು ಕಾಲ ಮೇಲೆ ಸುರಿಯುತ್ತಿತ್ತು. ಅಸೆಂಬೋ ಮಗಳೇ, ಏನನ್ನ ಕರೀತಾ ಇದ್ದೀಯೇ? ಮದುವೆಯಾಗಿ ಹನ್ನೆರಡು ವರ್ಷವಾದರೂ ನಾನು ನನ್ನ ಊರಿನ ಹೆಸರಿನವಳೇ, ಅದು ಬಿಡು, ಎಲ್ಲ ಸೊಸೆಯರಿಗೂ ಹಾಗೆಯೇ — ಆದರೆ ಆವತ್ತು ಅಸೆಂಬೋ ಎಂದದ್ದು ಬೇರೆ ತರಹ ಕೇಳಿತು. ಅದಾದ ಹನ್ನೊಂದನೇ ದಿನ ಓಗೊಲ್ಲಾ ಜನರನ್ನು ಇಳಿಸಿ ಒಬ್ಬನೇ ದೋಣಿ ತರುತ್ತಿದ್ದಾಗ ಕೆಳಗಿನಿಂದ ನೀರಾನೆ ಎದ್ದಿತು. ಹನ್ನೊಂದು. ನಾನೇ ಎಣಿಸಿದೆ, ಬೇರೆ ಯಾರೂ ಎಣಿಸಿ ಹೇಳಬೇಕಾಗಿರಲಿಲ್ಲ, ಗೋರಿಯ ಪಕ್ಕ ಕೂತು ಬೆರಳು ಮಡಚಿ ಎಣಿಸಿದೆ, ಮತ್ತೆ ಎಣಿಸಿದೆ, ಅಷ್ಟೇ ಬಂತು.

ಎಡಕ್ಕೆ ತಿರುಗಿಸು, ಅಲ್ಲಿ ಮುಳುಗಿದ ಬೇಲಿಯ ಕಂಬಗಳಿವೆ, ಕೆರೆ ಏರಿದ ಮೇಲೆ ಬೇಲಿಯೂ ನೀರೊಳಗೆ, ಜಾಲಿ ಮರಗಳೂ ನೀರೊಳಗೆ ನಿಂತಲ್ಲೇ ಸತ್ತು ಹಳದಿ ತೊಗಟೆ ಕಳಚಿ ಬೆಳ್ಳಗಾಗಿವೆ, ಕಂಬಕ್ಕೊಂದರಂತೆ ನೀರುಕಾಗೆ ರೆಕ್ಕೆ ಹರಡಿ ಕೂತಿವೆ. ಅಲ್ನೋಡಿ ಬಲಗಡೆ, ನೀರಾನೆ, ಎದ್ದು ನಿಲ್ಬೇಡಿ, ಕೈ ಒಳಗಿಡಿ. ಎಲ್ಲಿ, ಕಲ್ಲಲ್ವಾ ಅದು? ಕಲ್ಲಿಗೆ ಕಿವಿ ಇರಲ್ಲ ಅಜ್ಜಿ. ಕಿವಿ ಅಲ್ಲಾಡುತ್ತವೆ, ಏಳು ಜೊತೆ, ಇಲ್ಲ ಎಂಟು, ಮರಿಯೊಂದು ತಾಯಿಯ ಬೆನ್ನ ಮೇಲೆ ಗದ್ದ ಊರಿದೆ, ಬುಸ್ ಎಂದು ನೀರು ಚಿಮ್ಮುತ್ತದೆ, ಮದುಮಗಳು ಗಂಡನ ತೋಳು ಹಿಡಿದುಕೊಂಡಳು. ನಾನು ಮೋಟಾರು ತಗ್ಗಿಸುತ್ತೇನೆ, ಆರಿಸುವುದಿಲ್ಲ, ಸದ್ದು ಇರಬೇಕು, ನಾವು ಎಲ್ಲಿದ್ದೇವೆ ಎಂದು ಅವಕ್ಕೆ ಗೊತ್ತಾಗಬೇಕು, ದಡಕ್ಕೂ ಅವಕ್ಕೂ ನಡುವೆ ಹೋಗಬಾರದು, ಎಣಿಸಿದ ಕಿವಿಗಳಲ್ಲಿ ಒಂದು ಜೊತೆ ಕಡಿಮೆಯಾದರೆ ಅಲ್ಲಿ ನಿಲ್ಲಬಾರದು — ಈಗ ಏಳು. ಹೊರಡು. ಹೊರಟೆ. ಒಸೆವೆ ಮಾವ ಕತ್ತು ತಿರುಗಿಸಿ ನೋಡಿದರು, ತಪ್ಪು ಹುಡುಕಲು ನೋಡಿದರು, ಸಿಗಲಿಲ್ಲ, ಟೋಪಿ ಸರಿಮಾಡಿಕೊಂಡರು. ಮೋಟಾರು ನೇರ ಹಿಡಿ. ಇಲ್ಲೇ ಎಲ್ಲೋ, ಈ ಬೇಲಿಯಿಂದ ಮುಂದೆ, ಅವನು — ನೇರ ಹಿಡಿ, ಸಾಕು, ಅಷ್ಟು ಸಾಕು. ನೀರಾನೆಗೆ ನಾನು ಹೆದರುವುದಿಲ್ಲ, ಅದಕ್ಕೆ ಒಂದು ಜಾಗವಿದೆ, ಕಿವಿ ಇದೆ, ಎಣಿಸಬಹುದು, ದೂರ ಇಡಬಹುದು. ನಾನು ಹೆದರುವುದು ನನ್ನ ಬಾಯಿಗೆ. ಹೋದ ತಿಂಗಳು ಸಿಳ್ಳೆ ಮತ್ತೆ ಬರುತ್ತದೋ ಇಲ್ಲವೋ ಎಂದು ನೋಡಲು ಜೊಂಡಿನೊಳಗೆ ಆಳಕ್ಕೆ ಹೋಗಿ ಒಂದೇ ಒಂದು ಸಲ ಹಾಕಿದೆ, ಬಂತು, ಬಂದ ತಕ್ಷಣ ಮನೆಗೆ ಓಡಿದೆ, ಕಾಲಲ್ಲಿ ಚಪ್ಪಲಿ ಇರಲಿಲ್ಲ, ದೊಡ್ಡವಳು ಅಡೋಂಗೊ ಪಾತ್ರೆ ತೊಳೆಯುತ್ತಿದ್ದಳು, ಚಿಕ್ಕವಳು ಮಣ್ಣಲ್ಲಿ ಆಡುತ್ತಿದ್ದಳು, ಇಬ್ಬರೂ ಇದ್ದರು, ಉಸಿರಾಡುತ್ತಿದ್ದರು. ಏನಾಯ್ತಮ್ಮಾ? ಏನಿಲ್ಲ. ಹನ್ನೊಂದು ದಿನ ಎಣಿಸಿದೆ. ಹನ್ನೊಂದನೇ ದಿನ ಇಬ್ಬರನ್ನೂ ಶಾಲೆಗೆ ಕಳಿಸಲಿಲ್ಲ, ಬಾಗಿಲು ಹಾಕಿಕೊಂಡು ಮೂವರೂ ಕೂತೆವು, ಮಳೆ ಇಲ್ಲ, ಏನಿಲ್ಲ, ಅಮ್ಮಂಗೆ ಏನೋ ಆಗಿದೆ ಎಂದು ದೊಡ್ಡವಳು ಚಿಕ್ಕವಳಿಗೆ ಪಿಸುಗುಟ್ಟಿದಳು. ಏನೂ ಆಗಲಿಲ್ಲ. ಆದರೆ ಹನ್ನೆರಡನೇ ದಿನ ಮೂರನೇ ಮನೆಯ ಮುದುಕ ಸತ್ತ, ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದವನು, ಆದರೂ ನನಗೆ ಅನಿಸಿತು, ನಮ್ಮ ಮನೆ ತಪ್ಪಿ ಅಲ್ಲಿಗೆ ಹೋಯಿತೇನೋ. ಹುಚ್ಚು. ಹುಚ್ಚೇ ಸರಿ, ಆದರೆ ತಲೆಯ ಮೇಲೆ ಗೂಬೆ ಕೂರಿಸಿದ ಮೇಲೆ ಅದರ ಭಾರ ಸುಳ್ಳಲ್ಲ, ಇವತ್ತು ಸಿಳ್ಳೆ ಹಾಕಿದರೆ ಮತ್ತೆ ಎಣಿಕೆ ಶುರು, ನಾಳೆ ಹಾಕಿದರೆ ನಾಳೆಯಿಂದ, ದೋಣಿ ನಡೆಸುವವಳು ದಿನಾ ಹಾಕಬೇಕು, ದಿನಾ ಎಣಿಸಬೇಕು. ಆಗಲಿ. ಎಣಿಸುತ್ತೇನೆ. ಒಲಾಂಗ್ ನನ್ನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕಿಂತ ಎಣಿಸುವುದೇ ಮೇಲು.

ಮೋಟಾರು ಆರಿಸಿದೆ, ಸದ್ದು ನಿಂತಿತು, ದೋಣಿ ತಾನಾಗಿ ಸ್ವಲ್ಪ ದೂರ ಜಾರಿತು. ಅಗೋ ಆ ಬೋಳು ಮರ, ಹದ್ದು ಎರಡೂ ಇವೆ, ಕೆಳಗಿನ ಕೊಂಬೆಯಲ್ಲಿ ಗಂಡು, ಮೇಲಿನದರಲ್ಲಿ ಹೆಣ್ಣು, ಮೀನುಹದ್ದಿನಲ್ಲಿ ಹೆಣ್ಣೇ ದೊಡ್ಡದು, ಬಿಳಿ ತಲೆ, ಬಿಳಿ ಎದೆ, ಕಂದು ಹೊಟ್ಟೆ. ಮದುಮಗ ಫೋನು ಎತ್ತಿದ. ಒಸೆವೆ ಮಾವ ನಮ್ಮ ಲುವೋ ಮಾತಿನಲ್ಲಿ, ಬಂದವರಿಗೆ ತಿಳಿಯದ ಹಾಗೆ, ಹೂಂ, ಕರೀ ಮತ್ತೆ, ನಿನ್ ಅತ್ತೆಗೆ ಅಲ್ಲೀತನಕ ಕೇಳಿಸ್ಬೇಕು ಅಂದರು. ನಗುತ್ತಿದ್ದಾರೆ. ನಗಲಿ. ಮೊದಲ ಮೀನು ತೊಡೆಯ ಮೇಲೆ, ತಣ್ಣಗೆ, ಎರಡೂ ಕೈ ಬಾಯಿಗೆ, ನಾಲಿಗೆ ಮಡಚು, ಹಿಂದಕ್ಕೆ, ಇನ್ನೂ ಹಿಂದಕ್ಕೆ, ಅವನ ಬೆರಳು ಇದ್ದ ಜಾಗಕ್ಕೆ — ಹೊರಟಿತು, ಜೋರಾಗಿ, ಉದ್ದಕ್ಕೆ, ನೀರಿನ ಮೇಲೆ ಹೋಗಿ ಆ ದಡಕ್ಕೆ ಬಡಿದು ಬಂತು, ನನ್ನ ಬೆನ್ನೆಲ್ಲ ಜುಂ ಅಂದಿತು. ಅಬ್ಬಾ, ಇವಳ ಸಿಳ್ಳೆ ನೋಡ್ರೇ, ನಮ್ಮೂರಲ್ಲಿ ಹುಡುಗಿ ಸಿಳ್ಳೆ ಹಾಕಿದ್ರೆ ಬಾಯಿಗೆ ಬರೆ ಹಾಕ್ತೀನಿ ಅಂತಿದ್ರು, ಅಂದರು ನ್ಯಾಗುಥಿ ಅಜ್ಜಿ. ಹದ್ದು ಬರಲಿಲ್ಲ. ಗಂಡು ಕತ್ತು ಕೊಂಕಿಸಿ ರೆಕ್ಕೆಯ ಸಂದಿ ಕೆದರಿಕೊಂಡಿತು. ಹೆಣ್ಣು ನಮ್ಮ ಕಡೆ ತಿರುಗಲೂ ಇಲ್ಲ. ಇನ್ನೊಂದು ಸಲ ಹಾಕಿದೆ, ಇನ್ನೂ ಜೋರಾಗಿ, ಗಂಟಲು ಉರಿಯಿತು. ಇಲ್ಲ. ಹೆಂಗಸಿನ ಸಿಳ್ಳೆ ಅದಕ್ಕೂ ಬೇಡವೇನೋ, ಅದಕ್ಕೂ ಅತ್ತೆ ಹೇಳಿಕೊಟ್ಟಿದ್ದಾರೇನೋ, ಮೀನು ನೋಡಿದರಾದರೂ ಬಂದೀತು ಎಂದು ತೊಡೆಯಿಂದ ಹಾಗೆಯೇ ಬೀಸಿ ಎಸೆದೆ, ಮೀನು ಬಿತ್ತು, ಬಿದ್ದದ್ದು ಒಂದು ಗಳಿಗೆ ಹೊಳೆದು ಮುಳುಗಿತು. ಮುಳುಗಿತು. ಬೆಂಡು. ಸೊಂಟದ ಗಂಟಿನಲ್ಲಿ ಮೂರೂ ಹಾಗೆಯೇ ಇವೆ, ಬೆರಳಿಗೆ ಸಿಗುತ್ತವೆ, ಹನ್ನೆರಡು ವರ್ಷ ಒಂದು ದಿನವೂ ಮರೆಯದ್ದನ್ನು ಇವತ್ತು ಮರೆತೆ, ಬಾಯಿಯ ಚಿಂತೆಯಲ್ಲಿ ಕೈಯನ್ನೇ ಮರೆತೆ. ಒಂದು, ಎಂದರು ಒಸೆವೆ ಮಾವ.

ಎರಡನೆಯದು. ಅಳಬೇಡ. ಅಳುವುದಿದ್ದರೆ ಮನೆಯಲ್ಲಿ. ಮೀನಿನ ಬಾಯಿ ಅಗಲಿಸು, ಹಲ್ಲು ಒರಟು, ಬೆಂಡು ತುರುಕು, ಗಂಟಲವರೆಗೆ, ಹೆಬ್ಬೆರಳಿನಿಂದ ಒತ್ತು, ಸರಿ, ಜಾರುವುದಿಲ್ಲ. ಈ ಸಲ ಮೀನು ಬಲಗೈಯಲ್ಲೇ ಇರಲಿ, ಮರೆಯುವುದು ಬೇಡ. ಎದ್ದು ನಿಲ್ಲುತ್ತೇನೆ, ದೋಣಿ ತೂಗುತ್ತದೆ, ಬಲಗೈ ಮೇಲಕ್ಕೆ, ಮೀನಿನ ಹೊಟ್ಟೆ ಬಿಸಿಲಿಗೆ, ಎಡಗೈಯ ಎರಡು ಬೆರಳು ಬಾಯಿಗೆ, ಊದು — ಗಾಳಿ. ಬರೀ ಗಾಳಿ. ತುಟಿ ಒಣಗಿ ತೊಗಟೆಯಾಗಿದೆ, ನಾಲಿಗೆ ಎಲ್ಲಿ ಎಂದೇ ತಿಳಿಯುತ್ತಿಲ್ಲ, ಮತ್ತೆ ಊದು, ಮತ್ತೆ ಗಾಳಿ, ಆಯಿತು, ಮುಗಿಯಿತು, ಎಂದುಕೊಳ್ಳುತ್ತಿರುವಾಗಲೇ ಕೆಳಗಿನ ಕೊಂಬೆ ಚಿಮ್ಮಿತು. ಕೊಂಬೆ ಚಿಮ್ಮಿದ್ದು ಮೊದಲು ಕಂಡಿತು, ಹದ್ದು ಆಮೇಲೆ. ಭಾರ ಇಳಿದ ಕೊಂಬೆ ಮೇಲಕ್ಕೆದ್ದು ತೂಗುತ್ತಿದೆ, ಖಾಲಿ, ಹದ್ದು ಆಗಲೇ ಅರ್ಧ ದಾರಿಯಲ್ಲಿದೆ, ರೆಕ್ಕೆ ಆಡಿಸದೆ, ನೇರ, ಎಸೆ ಅಡೋಯೊ ಎಸೆ, ಎಸೆದೆ, ಮೀನು ತೇಲಿತು, ಹಳದಿ ಕಾಲು ಮುಂದೆ ಚಾಚಿತು, ನೀರು ಸೀಳಿದ ಸದ್ದು, ಎತ್ತಿಕೊಂಡು ಹೋಯಿತು, ಆಚೆ ದಡದ ಮರಗಳ ಕಡೆಗೆ. ಮದುಮಗಳು ಕಿರುಚಿದಳು, ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡು ದೇವರೇ ದೇವರೇ ಅನ್ನುತ್ತಿದ್ದಾರೆ, ಮದುಮಗ ಸಿಕ್ತು ಸಿಕ್ತು, ಪೂರ್ತಿ ಸಿಕ್ತು ಎಂದು ಫೋನು ನೋಡುತ್ತಿದ್ದಾನೆ, ಆದ್ರೆ ಅಕ್ಕಾ, ನಿಮ್ ಸಿಳ್ಳೆ ಕೇಳಿಸ್ಲೇ ಇಲ್ವಲ್ಲ. ಕೇಳಿಸಲಿಲ್ಲ. ಯಾಕೆಂದರೆ ಇರಲಿಲ್ಲ. ನಾನು ಒಸೆವೆ ಮಾವನ ಕಡೆ ನೋಡಿದೆ, ಅವರು ನೀರಿನ ಕಡೆ ನೋಡಿದರು. ಆಶ್ಚರ್ಯ ಪಡಬೇಕಾದ ಮುಖ ಅದು, ಹೆಂಗಸೊಬ್ಬಳು ಸಿಳ್ಳೆಯಿಲ್ಲದೆ ಹದ್ದು ಕರೆದಿದ್ದಾಳೆ, ಬಾಯಿ ತೆರೆದು ಕೂರಬೇಕಾದ ಮುಖ, ಆದರೆ ಅವರಿಗೆ ಆಶ್ಚರ್ಯವಾಗಿಲ್ಲ. ಅವರಿಗೆ ಗೊತ್ತು. ನಲವತ್ತು ವರ್ಷದಿಂದ ಗೊತ್ತು, ಹದ್ದು ನೋಡುವುದು ಕೈಯನ್ನು, ಎತ್ತಿದ ಕೈಯಲ್ಲಿ ಹೊಳೆಯುವ ಹೊಟ್ಟೆಯನ್ನು, ಸಿಳ್ಳೆ ದೋಣಿಯಲ್ಲಿ ಕೂತವರಿಗೆ ಮಾತ್ರ. ಓಗೊಲ್ಲಾ ಹೇಗೆ ಮಾಡುತ್ತಿದ್ದ, ದಡದಿಂದ ಎಷ್ಟು ಸಲ ನೋಡಿದ್ದೇನೆ, ಮೊದಲು ಕೈ, ಆಮೇಲೆ ಸಿಳ್ಳೆ, ಯಾವಾಗಲೂ ಮೊದಲು ಕೈ — ನಿನಗೂ ಗೊತ್ತಿತ್ತೇನೋ, ನಿನಗೂ, ಹಿತ್ತಲಲ್ಲಿ ನನ್ನ ಬಾಯಿಗೆ ಬೆರಳಿಟ್ಟು ನಗುತ್ತಿದ್ದವನಿಗೆ ಗೊತ್ತಿತ್ತೇನೋ, ಒಂದು ಮಾತು ಹೇಳಬಾರದಿತ್ತೇನೋ, ನಿನ್ನ ಮೇಲೆ ಸಿಟ್ಟು ಬರುತ್ತಿದೆ, ಸತ್ತವನ ಮೇಲೆ ಸಿಟ್ಟು, ಹತ್ತು ತಿಂಗಳಲ್ಲಿ ಮೊದಲ ಸಲ ನಿನ್ನ ನೆನಪಾಗಿ ಅಳು ಬರುತ್ತಿಲ್ಲ, ಸಿಟ್ಟು ಬರುತ್ತಿದೆ.

ಮಾವಾ, ಇದು ನಿಮಗೆ ಗೊತ್ತಿತ್ತು. ಯಾವುದು? ಅದಕ್ಕೆ ಸಿಳ್ಳೆ ಬೇಡ ಅನ್ನೋದು. ನಮ್ಮ ಮಾತಿನಲ್ಲೇ ಕೇಳಿದೆ, ಮೆಲ್ಲಗೆ, ಬಂದವರು ತಮ್ಮ ಫೋನಿನಲ್ಲಿ ಮುಳುಗಿದ್ದಾರೆ. ಅವರು ಟೋಪಿಯ ಅಂಚು ಉಜ್ಜಿದರು. ಒಂದ್ ಬಂತಲ್ಲ, ಪಾಸು ನೀನು, ದಡಕ್ ಹೋದ್ಮೇಲೆ ನಾನೇ ಹೇಳ್ತೀನಿ, ಹುಡುಗಿ ಚೆನ್ನಾಗಿ ಸಿಳ್ಳೆ ಹಾಕಿದ್ಲು, ಹದ್ದು ಬಂತು, ಹತ್ತೊಂಬತ್ತು ಅವಳದೇ ಅಂತ, ಒಲಾಂಗ್‌ನ ಬಾಯಿ ನಾನ್ ಮುಚ್ಚಿಸ್ತೀನಿ, ಸಾಕಲ್ಲ? ನಾನು ಸಿಳ್ಳೆ ಹಾಕ್ದಾಗ ಬರ್ಲಿಲ್ಲ, ಹಾಕ್ದೇ ಇದ್ದಾಗ ಬಂತು. ಅದ್ ಯಾಕಮ್ಮ ಊರಿಗೆಲ್ಲ, ನಮ್ ಕಸುಬಿಗೂ ಒಂದು ಮರ್ಯಾದೆ ಬೇಡ್ವಾ, ಜನ ಬರೋದೇ ಸಿಳ್ಳೆಗೆ ಹದ್ದು ಬರುತ್ತೆ ಅಂತ, ನಾಳೆಯಿಂದ ನೀನೂ ಅದೇ ಅನ್ನ ತಿನ್ನೋಳು, ತಿನ್ನೋ ತಟ್ಟೆಗೆ ಮಣ್ಣು ಹಾಕ್ಕೋಬೇಡ. ಹೌದು, ಅದೂ ನಿಜ. ನಂಬರು ಸಿಕ್ಕಿತು. ಇಷ್ಟೇ ಅಲ್ಲವೇ ನನಗೆ ಬೇಕಾಗಿದ್ದದ್ದು, ಹೂಂ ಎಂದರೆ ಮುಗಿಯಿತು, ದೋಣಿ ತಿರುಗಿಸಿ ಮನೆಗೆ, ಮೂರನೇ ಮೀನು ಸಾರಿಗೆ, ಮಕ್ಕಳಿಗೆ ಶಾಲೆ, ಒಲಾಂಗ್‌ಗೆ ಕಬ್ಬು. ದಡದಲ್ಲಿ ಅತ್ತೆ ಕಾಯುತ್ತಿರುತ್ತಾರೆ, ಇವಳು ಸಿಳ್ಳೆ ಹಾಕಿದ್ಲು, ಹದ್ದು ಬಂತು, ಎಂದು ಅಣ್ಣನ ಬಾಯಿಂದಲೇ ಕೇಳುತ್ತಾರೆ, ತಲೆಯಾಡಿಸುತ್ತಾರೆ, ನಾನು ಹೇಳಿರ್ಲಿಲ್ವಾ, ಇವಳು ಕರೆದ್ರೆ ಬರುತ್ತೆ, ಹದ್ದೂ ಬರುತ್ತೆ, ಸಾವೂ ಬರುತ್ತೆ. ನನ್ನ ಹೆಣ್ಣುಮಕ್ಕಳು ಅದನ್ನು ಕೇಳುತ್ತ ಬೆಳೆಯುತ್ತಾರೆ. ನಾನು ದಿನಾ ಎಣಿಸುತ್ತೇನೆ, ಹನ್ನೊಂದು, ಹನ್ನೊಂದು, ಹನ್ನೊಂದು. ಇಲ್ಲ. ಈ ಸುಳ್ಳಿನ ಜೊತೆಗೆ ನಂಬರು ಬೇಡ, ನಂಬರೂ ಬೇಕು, ಸುಳ್ಳೂ ಹೋಗಬೇಕು, ಎರಡೂ, ಇವತ್ತೇ, ಇಲ್ಲೇ. ಜನ ಬರೋದು ಹದ್ದಿಗೆ ಮಾವಾ, ನಿಮ್ ಸಿಳ್ಳೆಗಲ್ಲ.

ಸ್ವಾಹಿಲಿಗೆ ತಿರುಗಿದೆ, ಎಲ್ಲರಿಗೂ ತಿಳಿಯುವ ಹಾಗೆ, ಜೋರಾಗಿ. ನೋಡಿ, ಇವರು ನಮ್ಮ ಮಾವ, ಈ ಕೆರೇಲಿ ಇವರನ್ನ ಮೀರಿಸೋ ಸಿಳ್ಳೆ ಇಲ್ಲ, ಇನ್ನೊಂದು ಮೀನಿದೆ, ಹೆಣ್ಣು ಹದ್ದು ಅಲ್ಲೇ ಇದೆ, ಇವರೇ ಕರೀಲಿ, ಫೋನಲ್ಲಿ ಹಿಡ್ಕೊಳ್ಳಿ, ನಿಲ್ಲಿಸ್ಬೇಡಿ, ಮರ, ಮಾವ, ನಾನು, ಮೂರೂ ಕಾಣೋ ಹಾಗೆ. ಒಸೆವೆ ಮಾವ ನನ್ನನ್ನು ನುಂಗುವ ಹಾಗೆ ನೋಡಿದರು, ಬೇಡ ಬಿಡಿ, ವಯಸ್ಸಾಯ್ತು, ಹಲ್ಲಿಲ್ಲ. ಹಲ್ಲೆಲ್ಲಾ ನೆಟ್ಟಗಿದೆಯಲ್ಲಪ್ಪ, ಅಜ್ಜಿ ಬಗ್ಗಿ ನೋಡಿ ಹೇಳಿದರು, ನಾನು ಎಂಬತ್ತು ವರ್ಷ ಕಾದು ಬಂದಿದೀನಿ, ನನಗೋಸ್ಕರ ಒಂದ್ ಸಲ ಹಾಕು. ಹೊಗಳಿದರೆ ಉಬ್ಬುವ ಗಂಡಸು, ಮೇಲಾಗಿ ಮುದುಕಿ ಕೇಳಿದ್ದಾಳೆ, ಮೇಲಾಗಿ ಫೋನು ಅವರ ಮೇಲಿದೆ. ಬೆರಳು ಬಾಯಿಗಿಟ್ಟರು. ಒಪ್ಪಬೇಕು, ಸಿಳ್ಳೆ ಎಂದರೆ ಅದು, ಒಂದೇ ಎಳೆ, ಎಲ್ಲೂ ತುಂಡಾಗದೆ, ದೂರದ ಹೆಜ್ಜಾರ್ಲೆಗಳೂ ಕೊಕ್ಕೆತ್ತಿದವು. ಹೆಣ್ಣು ಹದ್ದು ಕೂತೇ ಇತ್ತು. ಮತ್ತೆ ಹಾಕಿದರು. ಕೂತೇ ಇತ್ತು. ನಾನು ಮೀನನ್ನು ಗೋಣಿಯ ಕೆಳಗೆ ಹಿಡಿದಿದ್ದೆ, ಬೆಂಡು ತುರುಕಿ ಆಗಿತ್ತು. ಮೂರನೇ ಸಲ ಹಾಕುವಾಗ ಮಾವನ ಕತ್ತಿನ ನರ ಉಬ್ಬಿತು, ಪಾಪ ಅನಿಸಿತು, ನಿಜವಾಗಿ ಪಾಪ ಅನಿಸಿತು, ಆದರೆ ಸಭೆಯಲ್ಲಿ ನಕ್ಕಿದ್ದೂ ಇದೇ ಬಾಯಿ. ಅದ್ಯಾಕೆ ಬರ್ತಿಲ್ಲ, ಮದುಮಗಳು ಪಿಸುಗುಟ್ಟಿದಳು. ಈಗ ಎಲ್ರೂ ಸುಮ್ನಿರಿ, ಅಂದೆ, ಯಾರೂ ಉಸಿರು ಎತ್ಬೇಡಿ, ನಾನೂ ಎತ್ತಲ್ಲ, ಅಜ್ಜಿ, ನನ್ ಬಾಯಿ ನೋಡ್ತಾ ಇರಿ, ಹದ್ದನ್ನ ಅವರು ನೋಡ್ಲಿ, ನೀವು ನನ್ ಬಾಯಿ ನೋಡಿ. ಎದ್ದು ನಿಂತೆ. ತುಟಿಗೆ ತುಟಿ ಒತ್ತಿದೆ, ಹಲ್ಲಿಗೆ ಹಲ್ಲು. ದೋಣಿಯ ಅಡಿಗೆ ಸಣ್ಣ ಅಲೆ ತಟ್ಟುವುದು ಕೇಳುತ್ತದೆ, ಫೋನು ಹಿಡಿದವನ ಉಸಿರು ಕೇಳುತ್ತದೆ, ಅಜ್ಜಿಯ ಕಣ್ಣು ನನ್ನ ಬಾಯಿಯ ಮೇಲಿದೆ, ತೇವದ ಮುದಿ ಕಣ್ಣು, ರೆಪ್ಪೆ ಬಡಿಯುತ್ತಿಲ್ಲ. ಕೈ ಎತ್ತಿದೆ. ಬರದಿದ್ದರೆ — ಬರದಿದ್ದರೆ ಬರಲಿಲ್ಲ, ಅದೂ ಫೋನಿನಲ್ಲಿ ಇರಲಿ, ಕೈ ಇಳಿಸುವುದಿಲ್ಲ, ತೋಳು ಬಿದ್ದುಹೋದರೂ ಇಳಿಸುವುದಿಲ್ಲ, ಮೀನಿನ ನೀರು ಮೊಣಕೈಯವರೆಗೆ ಇಳಿಯುತ್ತಿದೆ, ತಣ್ಣಗೆ, ಕಂಕುಳಿಗೆ, ಹೆಣ್ಣು ಹದ್ದು ತಲೆ ತಿರುಗಿಸಿತು, ನನ್ನ ಕಡೆ, ಇಲ್ಲ, ನನ್ನ ಕಡೆ ಅಲ್ಲ, ಕೈಯ ಕಡೆ, ಎದೆ ಮುಂದಕ್ಕೆ ಬಾಗಿತು, ಕೊಂಬೆ ಚಿಮ್ಮಿತು. ಸದ್ದಿಲ್ಲ. ಯಾವ ಸದ್ದೂ ಇಲ್ಲ. ಓಗೊಲ್ಲಾ, ನಾನು ಕರೆಯಲಿಲ್ಲ ಕಣೋ, ಆವತ್ತು ಹಿತ್ತಲಲ್ಲಿ, ನಾವಿಬ್ಬರೂ ನಕ್ಕೆವು ಅಷ್ಟೇ, ಕೊಕ್ಕರೆ ಹಾರಿದವು ಅಷ್ಟೇ, ನಾನು ಯಾರನ್ನೂ ಕರೆಯಲಿಲ್ಲ, ಹತ್ತು ತಿಂಗಳು ನಾನೇ ಕೊಂದೆ ಅಂದುಕೊಂಡು ಮಕ್ಕಳ ಉಸಿರು ಎಣಿಸಿದೆ, ಕರೆಯಲೇ ಇಲ್ಲ, ಮುಖಕ್ಕೆ ಗಾಳಿ ಬಡಿಯುತ್ತಿದೆ, ರೆಕ್ಕೆ ಬಿಸಿಲು ಮುಚ್ಚುತ್ತಿದೆ, ಎಸೆಯಬೇಕು, ಈಗ ಎಸೆಯಬೇಕು, ಎಸೆಯುತ್ತೇನೆ, ಆದರೆ ಕಣ್ಣು ಅಲ್ಲೇ ನಿಂತಿದೆ, ಮರದಲ್ಲಿ, ಬೋಳು ಕೊಂಬೆ ಮೇಲಕ್ಕೆದ್ದು ತೂಗುತ್ತಿದೆ, ಖಾಲಿ, ಯಾರೂ ಕರೆಯದೆ, ತೂಗುತ್ತಿದೆ, ಕೊಂಬೆ —